ತಲುಪದ ವಿಳಾಸಗಳು: ಡೊಮೈನ್ ನೋಂದಣಿ ದಾಖಲೆಗಳಲ್ಲಿ ಸುಳ್ಳು ಮತ್ತು ಹಳತು

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಮಾತಿನ ಭರದಲ್ಲಿ ಬಂದ ಪುನರುಕ್ತಿಗಳನ್ನು ತೆಗೆದು, ಅವಸರದಲ್ಲಿ ಮೊಟಕಾಗಿದ್ದ ಒಂದೆರಡು ವಿವರಣೆಗಳನ್ನು ಇಲ್ಲಿ ಪೂರ್ತಿಗೊಳಿಸಿದ್ದೇನೆ.)

2005ರ ನವೆಂಬರ್ ತಿಂಗಳಿನಲ್ಲಿ ಅಮೆರಿಕದ ಸರ್ಕಾರಿ ಹೊಣೆಗಾರಿಕೆ ಕಚೇರಿ, ಅಂದರೆ ಅಲ್ಲಿನ ಸಂಸತ್ತಿನ ಪರವಾಗಿ ಲೆಕ್ಕ ಮತ್ತು ಕಾರ್ಯವೈಖರಿಗಳನ್ನು ಪರಿಶೀಲಿಸುವ ಸಂಸ್ಥೆ, ಡೊಮೈನ್ ಹೆಸರುಗಳ (ಜಾಲತಾಣಗಳ ವಿಳಾಸವಾಗುವ ಹೆಸರುಗಳ) ನೋಂದಣಿ ದಾಖಲೆಗಳ, ಎಂದರೆ ಹೆಸರು ಕೊಂಡವರ ಸಂಪರ್ಕ ವಿವರಗಳ, ಬಗ್ಗೆ ಒಂದು ವರದಿಯನ್ನು ಹೊರತಂದಿತು. ಡಾಟ್ ಕಾಮ್, ಡಾಟ್ ನೆಟ್, ಡಾಟ್ ಆರ್ಗ್ ಎಂಬ ಮೂರು ವಲಯಗಳಿಂದ ಮಾದರಿಗಳನ್ನು ಆಯ್ದು ನೋಡಿದ ಆ ಸಂಸ್ಥೆಯ ಅಂದಾಜಿನಂತೆ ಸುಮಾರು 23 ಲಕ್ಷ ಹೆಸರುಗಳ, ಅಂದರೆ ಶೇಕಡಾ 5.14ರಷ್ಟು ಹೆಸರುಗಳ ದಾಖಲೆಯಲ್ಲಿ ಮೇಲ್ನೋಟಕ್ಕೇ ಸುಳ್ಳೆಂದು ಗೊತ್ತಾಗುವ ಮಾಹಿತಿ ಇತ್ತು. ದೂರವಾಣಿ ಸಂಖ್ಯೆ ಇರಬೇಕಾದಲ್ಲಿ ಸಾಲಾಗಿ ಒಂಬತ್ತುಗಳು. ಬೀದಿಯ ಹೆಸರಿರಬೇಕಾದಲ್ಲಿ ಕೀಲಿಮಣೆಯ ಮೇಲೆ ಬೆರಳಾಡಿಸಿದಾಗ ಬೀಳುವ ಅರ್ಥವಿಲ್ಲದ ಅಕ್ಷರಗಳು. ಇನ್ನೂ ಸುಮಾರು 16 ಲಕ್ಷ ಹೆಸರುಗಳಲ್ಲಿ ಕಡ್ಡಾಯವಾಗಿ ತುಂಬಬೇಕಾದ ಒಂದಲ್ಲ ಒಂದು ಜಾಗ ಅಪೂರ್ಣವಾಗಿತ್ತು. ತಾವು ಕಂಡ ತಪ್ಪುಗಳಲ್ಲಿ 45ನ್ನು ಪರಿಶೀಲಕರು ನಿಯಮದಂತೆ ದೂರಿನ ರೂಪದಲ್ಲಿ ಸಲ್ಲಿಸಿಯೂ ನೋಡಿದರು. ಮೂವತ್ತು ದಿನಗಳ ನಂತರವೂ ಅವುಗಳ ಪೈಕಿ 33 ದಾಖಲೆಗಳು ಇದ್ದ ಹಾಗೆಯೇ ಇದ್ದವು.

ಈ ವಿಷಯದ ಬಗ್ಗೆ ಮಾತನಾಡುವವರು ಸಾಮಾನ್ಯವಾಗಿ ಈ ಅಂಕಿಗಳನ್ನು ಮುಂದಿಟ್ಟು, ಇಂಟರ್ನೆಟ್ಟಿನ ತುಂಬ ವಂಚಕರೇ ಅಡಗಿದ್ದಾರೆ ಎಂಬ ತೀರ್ಮಾನಕ್ಕೆ ಬರುತ್ತಾರೆ. ನನಗೆ ಹಾಗನಿಸುವುದಿಲ್ಲ. ಒಂಬತ್ತುಗಳ ಸಾಲು ಯಾರನ್ನೂ ವಂಚಿಸುವುದಿಲ್ಲ. ಅದನ್ನು ಬರೆದವನು ಉತ್ತರ ಕೊಡಲು ಒಲ್ಲೆ ಎಂದು ಹೇಳುತ್ತಿದ್ದಾನೆ, ಅಷ್ಟೇ. ವಂಚಿಸಬೇಕೆಂದಿರುವವನು ನೋಡಿದರೆ ನಂಬುವಂಥ ವಿಳಾಸವನ್ನೇ ಬರೆಯುತ್ತಾನೆ. ಆದ್ದರಿಂದ ಈ ದಾಖಲೆಗಳ ತಪ್ಪನ್ನು ಕುರಿತು ಮಾತನಾಡುವ ಮುನ್ನ ತಪ್ಪು ಎಂದರೆ ಏನು, ಯಾರ ದೃಷ್ಟಿಯಿಂದ, ಯಾವ ಕೆಲಸಕ್ಕಾಗಿ ಎಂದು ಕೇಳಿಕೊಳ್ಳಬೇಕಾಗುತ್ತದೆ. ಇಡೀ ವಿವಾದದಲ್ಲಿ ಅತ್ಯಂತ ಕಡಿಮೆ ಕೇಳಿಬಂದಿರುವ ಪ್ರಶ್ನೆಯೂ ಇದೇ.

ಮೊದಲಿಗೆ ಈ ದಾಖಲೆ ಹುಟ್ಟಿದ ಬಗೆಯನ್ನು ನೋಡೋಣ. 'ಹೂ ಈಸ್', ಅಂದರೆ 'ಯಾರಿದು', ಎಂಬ ಹೆಸರಿನ ವಿಚಾರಣಾ ಸೇವೆಯನ್ನು 1982ರ ಮಾರ್ಚ್‌ನಲ್ಲಿ ಆರ್‌ಎಫ್‌ಸಿ 812 ಎಂಬ ಪುಟ್ಟ ದಸ್ತಾವೇಜಿನಲ್ಲಿ ವಿವರಿಸಲಾಯಿತು. ಬರೆದವರು ಕ್ಯಾಲಿಫೋರ್ನಿಯಾದ ಎಸ್‌ಆರ್‌ಐ ಸಂಸ್ಥೆಯ ಕೆನ್ ಹ್ಯಾರೆನ್‌ಸ್ಟೀನ್ ಮತ್ತು ವಿಕ್ ವೈಟ್. ಆ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ನೇತೃತ್ವದ ಮಾಹಿತಿ ಕೇಂದ್ರವು ಇಂಟರ್ನೆಟ್ಟಿನ ಪೂರ್ವರೂಪವಾದ ಅರ್ಪಾನೆಟ್ ಜಾಲದ ಬಳಕೆದಾರರ ಕೈಪಿಡಿಯನ್ನು ಸಿದ್ಧಪಡಿಸುತ್ತಿತ್ತು, ಮತ್ತು ಆ ಕೈಪಿಡಿ ಮೊದಮೊದಲು ಟೆಲಿಫೋನ್ ಡೈರೆಕ್ಟರಿಯಂತೆ ಮುದ್ರಣವಾಗಿಯೇ ಬರುತ್ತಿತ್ತು. ಹೂ ಈಸ್ ಎಂಬುದು ಆ ಮುದ್ರಿತ ಪುಸ್ತಕದ ವಿದ್ಯುನ್ಮಾನ ರೂಪ: ನೀವು ಆ ಕೇಂದ್ರದ ಕಂಪ್ಯೂಟರಿನ 43ನೆಯ ಪೋರ್ಟಿಗೆ (ಸಂದೇಶಗಳು ಒಳಬರುವ ಕಿಂಡಿಗೆ) ಒಂದು ಹೆಸರನ್ನು ಕಳಿಸಿದರೆ ಅತ್ತಲಿಂದ ಆ ವ್ಯಕ್ತಿಯ ಪೂರ್ಣ ಹೆಸರು, ಅಂಚೆ ವಿಳಾಸ, ದೂರವಾಣಿ ಸಂಖ್ಯೆ ಮತ್ತು ಮಿಂಚಂಚೆಯ ವಿಳಾಸ ಬರುತ್ತಿದ್ದವು. ಇಂದು ನಾವು ಬಳಸುವ ಡೊಮೈನ್ ಹೆಸರಿನ ವ್ಯವಸ್ಥೆಯನ್ನು ಪಾಲ್ ಮೋಕಾಪೆಟ್ರಿಸ್ ರೂಪಿಸಿದ್ದು ಅದರ ಮರುವರ್ಷ, 1983ರಲ್ಲಿ. ಅಂದರೆ ಹೆಸರುಗಳಿಗಿಂತ ಮೊದಲೇ ಹೆಸರುಗಳ ಪಟ್ಟಿಯನ್ನು ನೋಡುವ ಕಿಟಕಿ ಸಿದ್ಧವಾಗಿತ್ತು.

ಆ ಪಟ್ಟಿಯನ್ನು ಓದುತ್ತಿದ್ದವರೂ ಅದರೊಳಗೆ ಇದ್ದವರೂ ಬಹುಮಟ್ಟಿಗೆ ಒಂದೇ ಬಳಗದವರು ಎಂಬುದನ್ನು ಮರೆಯಬಾರದು. ರಾತ್ರಿ ಒಂದು ಯಂತ್ರ ಕೆಟ್ಟು ಜಾಲದ ತುಂಬ ಕಸ ಚೆಲ್ಲತೊಡಗಿದರೆ ಅದನ್ನು ನೋಡಿಕೊಳ್ಳುವವರಿಗೆ ಫೋನ್ ಮಾಡಬೇಕು; ಅದಕ್ಕೆ ಸಂಖ್ಯೆ ಬೇಕು. ಸುಳ್ಳು ಸಂಖ್ಯೆ ಕೊಡುವುದರಿಂದ ಯಾರಿಗೂ ಯಾವ ಲಾಭವೂ ಇರಲಿಲ್ಲ, ಸರಿಯಾದ ಸಂಖ್ಯೆ ಕೊಡುವುದರಿಂದ ಯಾವ ಅಪಾಯವೂ ಇರಲಿಲ್ಲ. ನೋಂದಣಿಗೆ ಶುಲ್ಕವೂ ಇರಲಿಲ್ಲ. 1995ರಲ್ಲಿ ಎರಡು ವರ್ಷಕ್ಕೆ ನೂರು ಡಾಲರ್ ಶುಲ್ಕ ಬಂದಿತು. 1998ರಲ್ಲಿ, ಡೊಮೈನ್ ಹೆಸರುಗಳ ವ್ಯವಸ್ಥೆಯನ್ನು ಜಾಗತಿಕವಾಗಿ ನೋಡಿಕೊಳ್ಳುವ ಐಕಾನ್ ಸಂಸ್ಥೆ ಸ್ಥಾಪನೆಯಾಯಿತು. 1999ರಿಂದ ಹಲವು ರಿಜಿಸ್ಟ್ರಾರ್‌ಗಳು ಪರಸ್ಪರ ಸ್ಪರ್ಧೆಯಲ್ಲಿ ಹೆಸರುಗಳನ್ನು ಮಾರತೊಡಗಿದರು. ಇಷ್ಟಾದರೂ ಕೈಪಿಡಿ ಮಾತ್ರ ಹಾಗೆಯೇ ಮುಂದುವರಿಯಿತು. ಒಂದೇ ಬಳಗದೊಳಗೆ ಹಂಚಿಕೊಳ್ಳಲೆಂದು ಬರೆದಿಟ್ಟಿದ್ದ ಪುಸ್ತಕವನ್ನು, ಒಂದಕ್ಷರವನ್ನೂ ಬದಲಿಸದೆ, ಲೋಕದ ನಡುರಸ್ತೆಯಲ್ಲಿ ತೆರೆದಿಟ್ಟಂತಾಯಿತು.

ನಡುರಸ್ತೆಗೆ ಬಂದ ಪುಸ್ತಕವನ್ನು ಓದುವವರ ಉದ್ದೇಶಗಳೂ ಬೇರೆಯಾದವು. ತನ್ನ ವ್ಯಾಪಾರ ಚಿಹ್ನೆಯನ್ನು ಯಾರೋ ಕದ್ದಿದ್ದಾರೆ ಎನ್ನುವ ಕಂಪನಿಯ ವಕೀಲರು, ಅಪರಾಧಿಯ ಜಾಡು ಹಿಡಿದ ಪೊಲೀಸರು, ಭದ್ರತಾ ಸಂಶೋಧಕರು, ಪತ್ರಕರ್ತರು ಎಲ್ಲರೂ ಅದರಲ್ಲಿ ಹುಡುಕುತ್ತಿದ್ದುದು ಹೆಸರಿನ ಹಿಂದಿರುವ ಮನುಷ್ಯನ ಗುರುತನ್ನು. ಜೊತೆಗೆ ಮಿಂಚಂಚೆಯ ವಿಳಾಸಗಳನ್ನು ಗೋರಿಕೊಂಡು ಹೋಗುವ ಕಸದಂಚೆಯವರೂ (ಸ್ಪ್ಯಾಮ್ ಕಳಿಸುವವರೂ) ಬಂದರು. ಐಕಾನ್‌ನ ಭದ್ರತೆ ಮತ್ತು ಸ್ಥಿರತೆಯ ಸಲಹಾ ಸಮಿತಿಯು 2007ರಲ್ಲಿ ಪರೀಕ್ಷೆಗೆಂದೇ ಹೊಸ ಹೆಸರುಗಳನ್ನು ನೋಂದಾಯಿಸಿ, ಬೇರೆಲ್ಲೂ ಬಳಸದ ಮಿಂಚಂಚೆ ವಿಳಾಸಗಳನ್ನು ದಾಖಲೆಯಲ್ಲಿ ಹಾಕಿ ನೋಡಿದಾಗ, ಆ ವಿಳಾಸಗಳಿಗೆ ಕಸದಂಚೆ ಬರುವುದಕ್ಕೆ ಈ ದಾಖಲೆಯೇ ಮೂಲವೆಂದು ಖಚಿತವಾಯಿತು. ಇಂಥ ಸ್ಥಿತಿಯಲ್ಲಿ ಒಬ್ಬಾಕೆ ತನ್ನ ಬರಹಗಳಿಗಾಗಿ ಒಂದು ಹೆಸರನ್ನು ಕೊಳ್ಳುತ್ತಾಳೆ ಎಂದುಕೊಳ್ಳಿ. ಅರ್ಜಿ ಅವಳ ಮನೆಯ ವಿಳಾಸ ಕೇಳುತ್ತದೆ, ಮತ್ತು ಬರೆದದ್ದನ್ನು ಲೋಕದಲ್ಲಿ ಯಾರು ಬೇಕಾದರೂ ಓದಬಹುದು ಎಂದು ಸಣ್ಣ ಅಕ್ಷರಗಳಲ್ಲಿ ತಿಳಿಸುತ್ತದೆ. ಅವಳು ಒಂಬತ್ತುಗಳನ್ನು ಬರೆದರೆ ಅದನ್ನು ವಂಚನೆ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ಒಪ್ಪಂದದ ಉಲ್ಲಂಘನೆ ಎಂಬುದು ನಿಜ, ಅದನ್ನು ಅಲ್ಲಗಳೆಯುತ್ತಿಲ್ಲ. ಆದರೆ ಹಾಗೆ ಬರೆಯುವ ಅನಿವಾರ್ಯತೆಯನ್ನು ತಂದಿಟ್ಟವರು ಯಾರು ಎಂದೂ ಕೇಳಬೇಕಲ್ಲ.

ಈಗ ತಪ್ಪಿನ ಬಗೆಗಳಿಗೆ ಬರುತ್ತೇನೆ. ಉದ್ದೇಶಪೂರ್ವಕ ಸುಳ್ಳು, ಹಳಸಿದ ಸತ್ಯ, ಮತ್ತು ಅಕ್ಷರಶಃ ಸರಿಯಿದ್ದೂ ತಪ್ಪಾದ ದಾಖಲೆ ಎಂದು ನಾನು ಅವನ್ನು ವಿಂಗಡಿಸಿಕೊಳ್ಳುತ್ತೇನೆ. ಮೊದಲನೆಯದರ ಬಗ್ಗೆ ಎಲ್ಲರೂ ಮಾತನಾಡುತ್ತಾರೆ. ನನಗೆ ಮುಖ್ಯವೆನಿಸುವುದು ಉಳಿದ ಎರಡು.

ಹಳಸಿದ ಸತ್ಯವೆಂದರೆ ಬರೆದ ದಿನ ಸರಿಯಾಗಿಯೇ ಇದ್ದ ಮಾಹಿತಿ. ಒಂದು ಸಂಸ್ಥೆ ಹೆಸರನ್ನು ನೋಂದಾಯಿಸುವಾಗ ಆ ಕೆಲಸ ನೋಡಿಕೊಂಡ ನೌಕರನ ಮಿಂಚಂಚೆ ವಿಳಾಸವನ್ನು ಹಾಕುತ್ತದೆ. ನಾಲ್ಕು ವರ್ಷಗಳ ನಂತರ ಅವನು ಕೆಲಸ ಬಿಡುತ್ತಾನೆ, ಅವನ ಖಾತೆಯನ್ನು ಮುಚ್ಚುತ್ತಾರೆ, ದಾಖಲೆಯನ್ನು ಯಾರೂ ನೆನೆಯುವುದಿಲ್ಲ. ಅವಧಿ ಮುಗಿಯುತ್ತಿದೆ, ನವೀಕರಿಸಿ ಎಂಬ ಸೂಚನೆಗಳು ಒಂದಾದ ಮೇಲೊಂದು ಆ ಮುಚ್ಚಿದ ಖಾತೆಗೆ ಹೋಗುತ್ತವೆ. ಒಂದು ದಿನ ಬೆಳಿಗ್ಗೆ ಸಂಸ್ಥೆಯ ಜಾಲತಾಣವೂ ಅಂಚೆಯೂ ಒಟ್ಟಿಗೆ ನಿಂತುಹೋಗುತ್ತವೆ. ಇದರ ಇನ್ನೊಂದು ರೂಪ ಇನ್ನೂ ವಿಚಿತ್ರವಾದದ್ದು: ಯಾವ ಹೆಸರಿನ ನೋಂದಣಿಯೋ ಅದೇ ಹೆಸರಿನ ಮಿಂಚಂಚೆಯನ್ನು ಸಂಪರ್ಕಕ್ಕೆ ಕೊಡುವುದು. ಹೆಸರು ನಿಂತರೆ ಅಂಚೆಯೂ ನಿಲ್ಲುತ್ತದೆ. ಹೆಸರು ನಿಂತಿದೆ ಎಂದು ತಿಳಿಸಬೇಕಾದ ಪತ್ರ ಹೆಸರು ನಿಂತದ್ದರಿಂದಲೇ ತಲುಪುವುದಿಲ್ಲ. ಮನೆಯ ಬೀಗದ ಕೈಯನ್ನು ಮನೆಯೊಳಗೇ ಇಟ್ಟು ಬಾಗಿಲೆಳೆದುಕೊಂಡವರ ಪಾಡು ಇದು.

ಈ ಹಳಸುವಿಕೆಯಿಂದ ಕಳ್ಳತನಕ್ಕೂ ದಾರಿಯಾಗುತ್ತದೆ. ದಾಖಲೆಯಲ್ಲಿರುವ ಮಿಂಚಂಚೆ ವಿಳಾಸವು ಅವಧಿ ತೀರಿದ ಬೇರೊಂದು ಡೊಮೈನ್‌ಗೆ ಸೇರಿದ್ದಾದರೆ, ಕಳ್ಳನು ಮಾಡಬೇಕಾದುದಿಷ್ಟೇ: ಆ ಬಿಟ್ಟುಹೋದ ಹೆಸರನ್ನು ತಾನೇ ಕೊಂಡು, ಅದೇ ವಿಳಾಸವನ್ನು ಮತ್ತೆ ಸೃಷ್ಟಿಸಿ, ರಿಜಿಸ್ಟ್ರಾರ್ ಬಳಿ ಗುಪ್ತಪದ ಮರೆತಿದೆ ಎನ್ನುವುದು. ಹೊಸ ಗುಪ್ತಪದ ನೇರವಾಗಿ ಅವನ ಕೈ ಸೇರುತ್ತದೆ. 2005ರ ಜನವರಿಯ ಒಂದು ವಾರಾಂತ್ಯದಲ್ಲಿ ನ್ಯೂಯಾರ್ಕಿನ ಹಳೆಯ ಇಂಟರ್ನೆಟ್ ಸೇವಾ ಸಂಸ್ಥೆಗಳಲ್ಲಿ ಒಂದಾದ ಪ್ಯಾನಿಕ್ಸ್‌ನ ಡೊಮೈನ್ ಹೆಸರು ಮಾಲೀಕರ ಅರಿವಿಲ್ಲದೆ ಆಸ್ಟ್ರೇಲಿಯಾದ ರಿಜಿಸ್ಟ್ರಾರ್ ಒಂದಕ್ಕೆ ವರ್ಗವಾಗಿಬಿಟ್ಟಿತು. ಅಲ್ಲಿ ಕಾರಣ ಬೇರೆ, ವರ್ಗಾವಣೆಯ ಕೋರಿಕೆಯನ್ನು ಸರಿಯಾಗಿ ದೃಢೀಕರಿಸಿರಲಿಲ್ಲ. ಆದರೆ ಆ ಘಟನೆಯೂ ಸೇರಿದಂತೆ ಹಲವು ಅಪಹರಣಗಳನ್ನು ಅದೇ ವರ್ಷ ಅಧ್ಯಯನ ಮಾಡಿದ ಐಕಾನ್‌ನ ಭದ್ರತಾ ಸಮಿತಿ, ನೋಂದಣಿ ದಾಖಲೆಯ ನಿಖರತೆಯೇ ಹೆಸರಿನ ಮಾಲೀಕನ ರಕ್ಷಣೆ ಎಂಬರ್ಥದ ಮಾತನ್ನು ಒತ್ತಿ ಹೇಳಿತು. ಆ ವಾರಾಂತ್ಯದ ಇನ್ನೊಂದು ಪಾಠವೆಂದರೆ, ತುರ್ತಿನಲ್ಲಿ ರಿಜಿಸ್ಟ್ರಾರ್‌ನ ಕಡೆಯಲ್ಲೂ ಫೋನ್ ಎತ್ತುವವರು ಇರಲಿಲ್ಲ. 2012ರಲ್ಲಿ ಜಾರಿಗೆ ಬಂದ ನಿಯಮವೊಂದು ಪ್ರತಿ ರಿಜಿಸ್ಟ್ರಾರ್ ತುರ್ತು ಸಂಪರ್ಕವೊಂದನ್ನು ಇಟ್ಟುಕೊಂಡು ನಾಲ್ಕು ಗಂಟೆಯೊಳಗೆ ಉತ್ತರಿಸಬೇಕೆಂದು ವಿಧಿಸಿತು. ತಲುಪದ ವಿಳಾಸ ಗ್ರಾಹಕರಲ್ಲಿ ಮಾತ್ರ ಇರುವ ರೋಗವಲ್ಲ.

ತಪ್ಪು ದಾಖಲೆಯಿಂದ ಮೊದಲು ಪೆಟ್ಟು ತಿನ್ನುವವನು ಹೆಚ್ಚಾಗಿ ಆ ದಾಖಲೆಯ ಒಡೆಯನೇ ಎಂಬುದು ನನ್ನ ಅಭಿಪ್ರಾಯ. ಆದರೆ ನಿಯಮಗಳನ್ನು ಬರೆದವರು ಇದನ್ನು ಅವನಿಗೆ ತಿಳಿಹೇಳುವುದಕ್ಕಿಂತ ಅವನನ್ನು ಶಂಕಿತನಂತೆ ನಡೆಸಿಕೊಳ್ಳುವುದರಲ್ಲೇ ಹೆಚ್ಚು ಶ್ರಮ ಹಾಕಿದ್ದಾರೆ.

ಇನ್ನು ಸರಿಯಿದ್ದೂ ತಪ್ಪಾದ ದಾಖಲೆ. ಇದರಲ್ಲಿ ಸೌಮ್ಯವಾದದ್ದು, ಜಾಲತಾಣವನ್ನು ಕಟ್ಟಿಕೊಟ್ಟ ವಿನ್ಯಾಸಕನು ಹೆಸರನ್ನು ತನ್ನ ಹೆಸರಿನಲ್ಲೇ ನೋಂದಾಯಿಸಿಟ್ಟುಕೊಳ್ಳುವುದು. ಅವನ ಹೆಸರು, ವಿಳಾಸ, ಫೋನ್ ಎಲ್ಲವೂ ನಿಜ. ಕರೆ ಮಾಡಿದರೆ ಎತ್ತುತ್ತಾನೆ. ಯಾವ ಪರೀಕ್ಷೆಯಲ್ಲೂ ದಾಖಲೆ ನಪಾಸಾಗುವುದಿಲ್ಲ. ಆದರೆ ಆ ಹೆಸರಿಗೆ ದುಡ್ಡು ಕೊಟ್ಟವರು ಬೇರೆ, ಅದರ ಮೇಲೆ ವ್ಯಾಪಾರ ಬೆಳೆಸಿದವರು ಬೇರೆ. ಇಬ್ಬರ ನಡುವೆ ಮನಸ್ತಾಪ ಬಂದ ದಿನ ಒಪ್ಪಂದದ ಕಣ್ಣಿಗೆ ಕಾಣುವ ನೋಂದಣಿದಾರ ವಿನ್ಯಾಸಕನೇ. ದುರುದ್ದೇಶವೇ ಇಲ್ಲದೆ, ಕೇವಲ ಅನುಕೂಲಕ್ಕೆಂದು ಹುಟ್ಟಿದ ಇಂಥ ದಾಖಲೆಗಳು ಎಷ್ಟೋ.

ಕ್ರೂರವಾದದ್ದು ಇನ್ನೊಂದು. ಕದ್ದ ಕ್ರೆಡಿಟ್ ಕಾರ್ಡಿನಿಂದ ಹೆಸರನ್ನು ಕೊಳ್ಳುವ ವಂಚಕನಿಗೆ ಕಾರ್ಡಿನ ಜೊತೆಗೇ ಅದರ ಒಡೆಯನ ಹೆಸರೂ ವಿಳಾಸವೂ ಸಿಕ್ಕಿರುತ್ತವೆ. ಅವನು ಅವನ್ನೇ ಬರೆಯುತ್ತಾನೆ. ಬೀದಿ ಆ ಊರಿನಲ್ಲಿದೆ, ಊರು ಆ ರಾಜ್ಯದಲ್ಲಿದೆ, ಅಂಚೆ ಸಂಖ್ಯೆ ತಾಳೆಯಾಗುತ್ತದೆ, ಆ ಮನೆಯಲ್ಲಿ ಆ ಹೆಸರಿನವರು ನಿಜವಾಗಿಯೂ ಇದ್ದಾರೆ. ಮೋಸಹೋದವರು ದಾಖಲೆಯನ್ನು ತೆರೆದು ನೋಡಿದಾಗ ಅವರಿಗೆ ಕಾಣುವುದು ಈಗಾಗಲೇ ಒಮ್ಮೆ ಸುಲಿಗೆಗೊಳಗಾದ ಮನುಷ್ಯನ ಮನೆ ಬಾಗಿಲು. ಒಂಬತ್ತುಗಳ ಸಾಲಿಗಿಂತ ಈ ನಿಖರವಾದ ವಿಳಾಸ ಎಷ್ಟೋ ಪಾಲು ಅಪಾಯಕಾರಿ, ಮತ್ತು ನಿಖರತೆಯ ಲೆಕ್ಕ ಹಾಕುವ ಅಧ್ಯಯನದಲ್ಲಿ ಇದು ಉತ್ತಮ ದಾಖಲೆಗಳ ಸಾಲಿನಲ್ಲಿ ಕೂರುವ ಸಾಧ್ಯತೆಯೇ ಹೆಚ್ಚು.

ಅಧ್ಯಯನಗಳ ಮಾತು ಬಂದಿತು. ಶಿಕಾಗೊ ವಿಶ್ವವಿದ್ಯಾಲಯದೊಂದಿಗೆ ಸಂಬಂಧವಿರುವ ಎನ್‌ಒಆರ್‌ಸಿ ಎಂಬ ಸಂಶೋಧನಾ ಸಂಸ್ಥೆಯು ಐಕಾನ್‌ಗಾಗಿ 1,419 ದಾಖಲೆಗಳ ಮಾದರಿಯನ್ನು ತೆಗೆದುಕೊಂಡು ಪರಿಶೀಲಿಸಿ, 2010ರಲ್ಲಿ ಫಲಿತಾಂಶವನ್ನು ಪ್ರಕಟಿಸಿತು. ಈ ಅಧ್ಯಯನದ ಹಿರಿಮೆ ಅದು ಕೇಳಿದ ಪ್ರಶ್ನೆಗಳಲ್ಲಿದೆ: ಬರೆದ ವಿಳಾಸಕ್ಕೆ ಅಂಚೆ ತಲುಪುತ್ತದೆಯೇ, ಆ ಹೆಸರಿನ ವ್ಯಕ್ತಿಗೂ ಆ ವಿಳಾಸಕ್ಕೂ ನಂಟಿದೆಯೇ, ಮತ್ತು ಆ ವ್ಯಕ್ತಿಯನ್ನು ಸಂಪರ್ಕಿಸಿ ಕೇಳಿದಾಗ ಹೌದು, ಈ ಹೆಸರು ನನ್ನದೇ ಎಂದು ಒಪ್ಪಿಕೊಳ್ಳುತ್ತಾನೆಯೇ. ಮೂರೂ ಪ್ರಶ್ನೆಗಳಲ್ಲಿ ಪೂರ್ತಿಯಾಗಿ ತೇರ್ಗಡೆಯಾದ ದಾಖಲೆಗಳು ಶೇಕಡಾ 23ರಷ್ಟು ಮಾತ್ರ. ಮಿಕ್ಕವೆಲ್ಲ ಸುಳ್ಳೆಂದು ಇದರ ಅರ್ಥವಲ್ಲ. ಎಲ್ಲ ರೀತಿಯಲ್ಲೂ ಪೂರ್ಣವಾಗಿ ವಿಫಲವಾದವು ಶೇಕಡಾ 8ರ ಆಸುಪಾಸಿನಲ್ಲಿದ್ದವು. ನಡುವಿನ ಬಹುದೊಡ್ಡ ಗುಂಪಿನಲ್ಲಿ ಏನೋ ಒಂದು ಇತ್ತು, ಏನೋ ಒಂದು ಇರಲಿಲ್ಲ. ಮೊದಲು ಹೇಳಿದ 5.14ಕ್ಕೂ ಈ 23ಕ್ಕೂ ಇರುವ ಅಂತರವನ್ನು ಕಂಡು ಗಾಬರಿಯಾಗಬೇಕಿಲ್ಲ. ಒಬ್ಬರು ಕಾಗದದ ಮೇಲೆ ಬರೆದದ್ದನ್ನು ಓದಿದರು, ಇನ್ನೊಬ್ಬರು ಆ ಬಾಗಿಲನ್ನು ತಟ್ಟಿ ನೋಡಿದರು.

ಈ ಭೇದವನ್ನು ಮುಂದೆ ಭದ್ರತಾ ಸಮಿತಿಯ 2013ರ ವರದಿಯೊಂದು ಸ್ಪಷ್ಟ ಪರಿಭಾಷೆಯಲ್ಲಿ ಇಟ್ಟಿತು. ಪರಿಶೀಲನೆಯಲ್ಲಿ ಮೂರು ಹಂತಗಳಿವೆ. ಬರೆದದ್ದು ವಿಳಾಸದ ರೂಪದಲ್ಲಿದೆಯೇ ಎಂದು ನೋಡುವುದು ಬರವಣಿಗೆಯ ಪರಿಶೀಲನೆ. ಅಲ್ಲಿಗೆ ಕಳಿಸಿದ್ದು ತಲುಪುತ್ತದೆಯೇ ಎಂದು ನೋಡುವುದು ಕಾರ್ಯದ ಪರಿಶೀಲನೆ. ಅಲ್ಲಿರುವವನು ತಾನು ಹೇಳಿಕೊಂಡ ವ್ಯಕ್ತಿಯೇ ಎಂದು ನೋಡುವುದು ಗುರುತಿನ ಪರಿಶೀಲನೆ. ಮೊದಲನೆಯದು ಯಂತ್ರಕ್ಕೆ ಚಿಟಿಕೆ ಹೊಡೆದಷ್ಟು ಸುಲಭ. ಎರಡನೆಯದಕ್ಕೆ ಸ್ವಲ್ಪ ಕಾಯಬೇಕು. ಮೂರನೆಯದು ದುಬಾರಿ, ನಿಧಾನ, ಮತ್ತು ಲೋಕದ ಎಲ್ಲ ದೇಶಗಳ ಗುರುತಿನ ಪತ್ರಗಳನ್ನು ಓದಬಲ್ಲ ಒಬ್ಬ ಗುಮಾಸ್ತ ಎಲ್ಲೂ ಇಲ್ಲದಿರುವುದರಿಂದ ಜಾಗತಿಕ ಮಟ್ಟದಲ್ಲಿ ಬಹುಮಟ್ಟಿಗೆ ಅಸಾಧ್ಯ. ವಿವಾದಗಳಲ್ಲಿ ಎಲ್ಲರೂ 'ನಿಖರತೆ' ಎಂಬ ಒಂದೇ ಪದವನ್ನು ಬಳಸುತ್ತಾರೆ. ವಕೀಲರು ಆಡುವಾಗ ಅದು ಮೂರನೆಯ ಹಂತ, ರಿಜಿಸ್ಟ್ರಾರ್‌ಗಳು ಆಡುವಾಗ ಮೊದಲನೆಯದು. ಪದ ಒಂದೇ ಆದ್ದರಿಂದ ಜಗಳ ಮುಗಿಯುವುದೇ ಇಲ್ಲ.

ನಿಯಮಗಳ ಚರಿತ್ರೆಯನ್ನು ಬೇಗನೆ ಹೇಳಿ ಮುಗಿಸುತ್ತೇನೆ. ಬೇಕೆಂದೇ ತಪ್ಪು ಮಾಹಿತಿ ಕೊಟ್ಟರೆ, ಅಥವಾ ಮಾಹಿತಿಯ ಬಗ್ಗೆ ರಿಜಿಸ್ಟ್ರಾರ್ ಕೇಳಿದ ಪ್ರಶ್ನೆಗೆ 15 ದಿನಗಳೊಳಗೆ ಉತ್ತರಿಸದಿದ್ದರೆ ನೋಂದಣಿಯನ್ನು ರದ್ದುಪಡಿಸಬಹುದೆಂಬ ಷರತ್ತು ಐಕಾನ್ ಜೊತೆಗಿನ ರಿಜಿಸ್ಟ್ರಾರ್‌ಗಳ ಒಪ್ಪಂದದಲ್ಲಿ ಮೊದಲಿನಿಂದಲೂ ಇದೆ. 2002ರಲ್ಲಿ ಐಕಾನ್ ತಪ್ಪು ದಾಖಲೆಗಳ ಬಗ್ಗೆ ಸಾರ್ವಜನಿಕರು ದೂರು ಕೊಡುವ ವ್ಯವಸ್ಥೆಯನ್ನು ತೆರೆಯಿತು. 2003ರಲ್ಲಿ, ವರ್ಷಕ್ಕೊಮ್ಮೆ ಪ್ರತಿ ನೋಂದಣಿದಾರನಿಗೂ ಅವನ ದಾಖಲೆಯನ್ನು ತೋರಿಸಿ, ತಪ್ಪಿದ್ದರೆ ತಿದ್ದಿಕೊಳ್ಳುವಂತೆ ನೆನಪಿಸಬೇಕೆಂಬ ನಿಯಮ ಬಂದಿತು. 2004ರ ಕೊನೆಯಲ್ಲಿ ಅಮೆರಿಕ, ಅಪರಾಧಕ್ಕೆ ಬಳಸಿದ ಡೊಮೈನ್ ಹೆಸರನ್ನು ಸುಳ್ಳು ವಿವರ ಕೊಟ್ಟು ನೋಂದಾಯಿಸಿದ್ದರೆ ಶಿಕ್ಷೆ ಹೆಚ್ಚಿಸುವ ಕಾಯ್ದೆಯನ್ನು ಮಾಡಿತು. ಸುಳ್ಳು ವಿಳಾಸವೊಂದನ್ನೇ ಅಪರಾಧವೆಂದು ಕರೆಯದೆ, ಬೇರೆ ಅಪರಾಧದ ಜೊತೆ ಸೇರಿದಾಗ ಮಾತ್ರ ಅದನ್ನು ಭಾರವಾಗಿಸಿದ ಆ ವಿವೇಚನೆ ನನಗೆ ಮೆಚ್ಚಿಗೆಯಾದದ್ದು.

ದೊಡ್ಡ ಬದಲಾವಣೆ ಬಂದದ್ದು ಇದೇ ಒಪ್ಪಂದದ 2013ರ ರೂಪದಲ್ಲಿ. ಪೊಲೀಸ್ ಮತ್ತು ತನಿಖಾ ಸಂಸ್ಥೆಗಳು ಕೆಲವು ವರ್ಷಗಳಿಂದ ಒತ್ತಾಯಿಸುತ್ತಿದ್ದುದರ ಫಲ ಅದು. ಹೊಸ ನೋಂದಣಿಯಾದ 15 ದಿನಗಳೊಳಗೆ ರಿಜಿಸ್ಟ್ರಾರ್ ನೋಂದಣಿದಾರನ ಮಿಂಚಂಚೆಯನ್ನಾಗಲಿ ದೂರವಾಣಿಯನ್ನಾಗಲಿ ಪರೀಕ್ಷಿಸಬೇಕು, ಅಂದರೆ ಒಂದು ಸಂಕೇತವನ್ನು ಕಳಿಸಿ ಅದು ಹಿಂದಿರುಗಿ ಬರುವಂತೆ ನೋಡಿಕೊಳ್ಳಬೇಕು. ಉತ್ತರ ಬಾರದಿದ್ದರೆ ತಾನೇ ಬೇರೆ ರೀತಿಯಲ್ಲಿ ದೃಢೀಕರಿಸಬೇಕು, ಇಲ್ಲವೇ ಹೆಸರನ್ನು ತಡೆಹಿಡಿಯಬೇಕು. 2014ರಿಂದ ಇದು ಜಾರಿಗೆ ಬಂದಾಗ ಉತ್ತರಿಸದ ಹೆಸರುಗಳು ದೊಡ್ಡ ಸಂಖ್ಯೆಯಲ್ಲಿ ನಿಂತುಹೋದವು, ಮತ್ತು ನಿಂತದ್ದು ಹೆಚ್ಚಾಗಿ ಸಾಮಾನ್ಯ ಬಳಕೆದಾರರ ತಾಣಗಳೇ ಎಂದು ರಿಜಿಸ್ಟ್ರಾರ್‌ಗಳು ದೂರಿದರು. ಆ ದೂರಿನಲ್ಲಿ ಸ್ವಾರ್ಥವಿದ್ದರೂ ಹುರುಳಿತ್ತು. ಅಪರಿಚಿತ ಪತ್ರದೊಳಗಿನ ಕೊಂಡಿಯನ್ನು ಒತ್ತಬೇಡಿ ಎಂದು ಜನರಿಗೆ ವರ್ಷಗಟ್ಟಲೆ ಬುದ್ಧಿ ಹೇಳಿ, ಈಗ ಈ ಅಪರಿಚಿತ ಪತ್ರದ ಕೊಂಡಿಯನ್ನು ಒತ್ತದಿದ್ದರೆ ನಿಮ್ಮ ತಾಣ ನಿಲ್ಲುತ್ತದೆ ಎಂದು ಹೇಳಿದಂತಾಯಿತು. ಬುದ್ಧಿವಾದ ಕೇಳಿದವರೇ ದಂಡ ತೆತ್ತರು. ವಂಚಕನ ಮಿಂಚಂಚೆ ಮಾತ್ರ ಸದಾ ಜೀವಂತ. ಅವನು ಕೊಂಡಿಯನ್ನು ಮೊದಲ ನಿಮಿಷದಲ್ಲೇ ಒತ್ತಿರುತ್ತಾನೆ. ಬಹಳ ಸಲ ಅವನಿಗೆ ಆ ಹೆಸರು ಬೇಕಿರುವುದೇ ಕೆಲವು ದಿನಗಳ ಮಟ್ಟಿಗೆ, ಹದಿನೈದು ದಿನದ ಗಡುವು ಮುಗಿಯುವಷ್ಟರಲ್ಲಿ ಅವನ ಸಂತೆ ಮುಗಿದಿರುತ್ತದೆ.

ತಿದ್ದುಪಡಿಯನ್ನು ಕಷ್ಟಪಡಿಸುವ ನಿಯಮಗಳೂ ಇವೆ ಎಂಬುದನ್ನು ಇಲ್ಲಿ ಹೇಳಬೇಕು. 2016ರ ಡಿಸೆಂಬರ್‌ನಿಂದ ನೋಂದಣಿದಾರನ ಹೆಸರು, ಸಂಸ್ಥೆ ಅಥವಾ ಮಿಂಚಂಚೆಯನ್ನು ಬದಲಿಸಿದರೆ, ಮುಂಚಿತವಾಗಿ ವಿನಾಯಿತಿ ಕೇಳದಿದ್ದಲ್ಲಿ, 60 ದಿನಗಳ ಕಾಲ ಆ ಹೆಸರನ್ನು ಬೇರೆ ರಿಜಿಸ್ಟ್ರಾರ್‌ಗೆ ವರ್ಗಾಯಿಸುವಂತಿಲ್ಲ. ಕಳ್ಳರನ್ನು ತಡೆಯಲೆಂದು ಮಾಡಿದ ವ್ಯವಸ್ಥೆ ಇದು. ಆದರೆ ರಿಜಿಸ್ಟ್ರಾರ್ ಬದಲಿಸುವ ಆಲೋಚನೆಯಲ್ಲಿರುವ ಪ್ರಾಮಾಣಿಕನು ಹಳೆಯ ಮಿಂಚಂಚೆಯನ್ನು ತಿದ್ದಲು ಹೋಗಿ ಎರಡು ತಿಂಗಳು ಸಿಕ್ಕಿಕೊಳ್ಳುತ್ತಾನೆ. ಮುಂದಿನ ಸಲ ಅವನು ತಿದ್ದುವ ಗೊಡವೆಗೆ ಹೋಗುವುದಿಲ್ಲ. ದೂರು ಕೊಡುವ ವ್ಯವಸ್ಥೆಗೂ ಇಂಥದೇ ಇನ್ನೊಂದು ಮುಖವಿದೆ: ಎದುರಾಳಿಯ ತಾಣವನ್ನು ನಿಲ್ಲಿಸಬೇಕೆಂದರೆ ಅವನ ದಾಖಲೆಯಲ್ಲೊಂದು ಹಳೆಯ ಫೋನ್ ಸಂಖ್ಯೆಯನ್ನು ಹುಡುಕಿ ದೂರು ಹಾಕಿ, ಅವನು 15 ದಿನ ಪತ್ರ ನೋಡದಿರಲಿ ಎಂದು ಹಾರೈಸುತ್ತಾ ಕುಳಿತರಾಯಿತು.

ಹಾಗಾದರೆ ಮೂರನೆಯ ಹಂತದ ಪರಿಶೀಲನೆ, ಅಂದರೆ ಗುರುತಿನ ಪತ್ರ ಕೇಳುವುದು ಪರಿಹಾರವಲ್ಲವೇ? ಒಂದೊಂದು ದೇಶದ ವಲಯದೊಳಗೆ ಅದು ಸಾಧ್ಯ, ಪರಿಣಾಮಕಾರಿಯೂ ಹೌದು. ಡೆನ್ಮಾರ್ಕಿನ ಡಾಟ್ ಡಿಕೆ ವಲಯ ತನ್ನ ದೇಶದ ವಿದ್ಯುನ್ಮಾನ ಗುರುತಿನ ವ್ಯವಸ್ಥೆಯನ್ನು ಬಳಸಿಕೊಂಡು ನೋಂದಣಿದಾರರನ್ನು ಪರಿಶೀಲಿಸತೊಡಗಿದ ಮೇಲೆ ನಕಲಿ ಅಂಗಡಿಗಳು ಅಲ್ಲಿ ಗಣನೀಯವಾಗಿ ಇಳಿದವು. ಚೀನಾದ ಡಾಟ್ ಸಿಎನ್ ವಲಯ 2009ರ ಡಿಸೆಂಬರ್‌ನಲ್ಲಿ ಕಾಗದದ ಅರ್ಜಿ ಮತ್ತು ದಾಖಲೆಪತ್ರಗಳನ್ನು ಕಡ್ಡಾಯಗೊಳಿಸಿದಾಗ ಕಸದಂಚೆಯವರು ಆ ವಲಯವನ್ನು ಬಿಟ್ಟರು. ಬಿಟ್ಟು ಎಲ್ಲಿಗೆ ಹೋದರು ಎಂಬುದೇ ಇಲ್ಲಿ ಸ್ವಾರಸ್ಯ. ಅವರು ರಷ್ಯಾದ ಡಾಟ್ ಆರ್‌ಯು ವಲಯಕ್ಕೆ ವಲಸೆ ಹೋದರು. 2010ರ ಏಪ್ರಿಲ್‌ನಲ್ಲಿ ಅಲ್ಲಿಯೂ ಗುರುತಿನ ಪತ್ರ ಕೇಳತೊಡಗಿದರು. ನೀರು ತಗ್ಗಿಗೆ ಹರಿಯುವಂತೆ ವಂಚನೆ ಅಗ್ಗದ, ಪ್ರಶ್ನೆ ಕೇಳದ ವಲಯಕ್ಕೆ ಹರಿಯುತ್ತದೆ. ಸಾವಿರಾರು ರಿಜಿಸ್ಟ್ರಾರ್‌ಗಳೂ ಅವರ ಕೆಳಗೆ ಎಣಿಕೆಗೆ ಸಿಗದಷ್ಟು ಮರುಮಾರಾಟಗಾರರೂ ಇರುವ ಡಾಟ್ ಕಾಮ್‌ನಂಥ ವಲಯದಲ್ಲಿ ತಗ್ಗು ಎಲ್ಲಾದರೂ ಒಂದು ಕಡೆ ಇದ್ದೇ ಇರುತ್ತದೆ. ಇದರ ಜೊತೆಗೆ, ಡಾಟ್ ಕಾಮ್‌ನ ರಿಜಿಸ್ಟ್ರಿಯ, ಅಂದರೆ ಆ ವಲಯದ ಮೂಲ ಪಟ್ಟಿಯನ್ನು ನಡೆಸುವ ಸಂಸ್ಥೆಯ ಬಳಿ ನೋಂದಣಿದಾರರ ವಿಳಾಸಗಳೇ ಇರುವುದಿಲ್ಲ, ಅವು ಆಯಾ ರಿಜಿಸ್ಟ್ರಾರ್‌ಗಳ ಬಳಿ ಚದುರಿವೆ. ಸಣ್ಣ ಲಾಭಕ್ಕೆ ಹೆಸರು ಮಾರುವ ರಿಜಿಸ್ಟ್ರಾರ್‌ಗೆ ಗ್ರಾಹಕನ ಸುಳ್ಳನ್ನು ಕಂಡುಹಿಡಿಯುವುದೆಂದರೆ ಖರ್ಚು ಮಾಡಿ ಗ್ರಾಹಕನನ್ನು ಕಳೆದುಕೊಳ್ಳುವುದು ಎಂದರ್ಥ. ಅವನಿಂದ ಉತ್ಸಾಹವನ್ನು ನಿರೀಕ್ಷಿಸುವುದು ತಪ್ಪು.

ಲಿಪಿಯ ಬಗ್ಗೆ ಒಂದು ಮಾತು, ಏಕೆಂದರೆ ರೋಮನ್ ಅಲ್ಲದ ಲಿಪಿಯಲ್ಲಿ ಬರೆಯುವ ಎಲ್ಲರಿಗೂ ಇದು ಸಂಬಂಧಿಸಿದ್ದು. ಹೂ ಈಸ್ ಹುಟ್ಟಿದ್ದು ಇಂಗ್ಲಿಷಿನ ಅಕ್ಷರಗಳಿಗಾಗಿ. 2004ರಲ್ಲಿ ಅದನ್ನು ಮತ್ತೊಮ್ಮೆ ವಿವರಿಸಿದ ಆರ್‌ಎಫ್‌ಸಿ 3912, ಬೇರೆ ಲಿಪಿಗಳಿಗೆ ಈ ವ್ಯವಸ್ಥೆಯಲ್ಲಿ ಅವಕಾಶವಿಲ್ಲವೆಂದು ತಾನೇ ಒಪ್ಪಿಕೊಳ್ಳುತ್ತದೆ. ಕನ್ನಡ, ಅರಬಿ, ಚೀನಿ ಲಿಪಿಗಳಲ್ಲಿ ಡೊಮೈನ್ ಹೆಸರುಗಳೇ ಬಂದ ಮೇಲೂ ಸಂಪರ್ಕದ ವಿಳಾಸವನ್ನು ಜನ ತಮಗೆ ತೋಚಿದಂತೆ ರೋಮನ್ ಲಿಪಿಗೆ ಇಳಿಸಬೇಕಾಯಿತು. ಒಂದೇ ಬೀದಿಗೆ ನಾಲ್ಕು ಕಾಗುಣಿತಗಳು. ಅಂಚೆಯವನಿಗೆ ನಾಲ್ಕೂ ಅರ್ಥವಾಗುತ್ತವೆ, ತಾಳೆ ನೋಡುವ ಯಂತ್ರಕ್ಕೆ ಮೂರು ಸುಳ್ಳಾಗಿ ಕಾಣುತ್ತವೆ. ಹೂ ಈಸ್‌ನ ಜಾಗಕ್ಕೆ ಬಂದ ಆರ್‌ಡ್ಯಾಪ್ ಎಂಬ ಹೊಸ ವಿಧಾನವನ್ನು 2015ರಲ್ಲಿ ರೂಪಿಸಿದಾಗ ಎಲ್ಲ ಲಿಪಿಗಳಿಗೂ ಅದರಲ್ಲಿ ಸ್ಥಾನ ಸಿಕ್ಕಿತು. 2025ರ ಜನವರಿ 28ರಿಂದ ಸಾಮಾನ್ಯ ವಲಯಗಳ (ಡಾಟ್ ಕಾಮ್‌ನಂತೆ ಯಾವ ದೇಶಕ್ಕೂ ಸೇರದ ವಲಯಗಳ) ರಿಜಿಸ್ಟ್ರಾರ್‌ಗಳಿಗೆ ಹಳೆಯ ಹೂ ಈಸ್ ಸೇವೆಯನ್ನು ನಡೆಸುವ ಕಡ್ಡಾಯವೂ ಇಲ್ಲ.

ಆದರೆ ಆ ಹೊತ್ತಿಗೆ ಕಿಟಕಿಗೆ ಪರದೆ ಬಿದ್ದಾಗಿತ್ತು. 2018ರ ಮೇ 25ರಂದು ಯುರೋಪಿನ ದತ್ತಾಂಶ ರಕ್ಷಣಾ ನಿಯಮ ಜಾರಿಗೆ ಬರುವ ಎಂಟು ದಿನ ಮುನ್ನ ಐಕಾನ್ ಅವಸರದ ತಾತ್ಕಾಲಿಕ ನಿಯಮವೊಂದನ್ನು ಅಂಗೀಕರಿಸಿತು. ಅದರಂತೆ ವ್ಯಕ್ತಿಗಳ ಹೆಸರು, ವಿಳಾಸ, ಫೋನ್ ಸಂಖ್ಯೆಗಳನ್ನು ಸಾರ್ವಜನಿಕ ನೋಟದಿಂದ ಮರೆಮಾಡಲಾಯಿತು. ನಾನು ಮೊದಲು ಹೇಳಿದ ಆ ಬರಹಗಾರ್ತಿಗೆ ಈಗ ಒಂಬತ್ತುಗಳನ್ನು ಬರೆಯುವ ಕಾರಣವಿಲ್ಲ. ಅದು ಒಳ್ಳೆಯದೇ, ಬಹಳ ತಡವಾಗಿ ಬಂದ ಒಳ್ಳೆಯದು. ಆದರೆ ಅದೇ ಪರದೆಯ ಹಿಂದೆ ಸುಳ್ಳು ದಾಖಲೆಗಳೂ ಸುರಕ್ಷಿತವಾದವು. ಮೊದಲು ಸಂಶೋಧಕನೊಬ್ಬ ನೂರು ನಕಲಿ ತಾಣಗಳ ದಾಖಲೆಗಳಲ್ಲಿ ಒಂದೇ ಕಾಲ್ಪನಿಕ ಹೆಸರು, ಒಂದೇ ತಪ್ಪು ಕಾಗುಣಿತ ಇರುವುದನ್ನು ಕಂಡು, ಇವೆಲ್ಲ ಒಬ್ಬನದೇ ಕೆಲಸವೆಂದು ಊಹಿಸಬಲ್ಲವನಾಗಿದ್ದ. ಸುಳ್ಳಾದ ಮಾಹಿತಿಯೂ ಹೀಗೆ ಸುಳಿವಾಗುತ್ತಿತ್ತು. ಇಂದು ಅವನಿಗೆ ಕಾಣುವುದು ಮರೆಮಾಡಲಾಗಿದೆ ಎಂಬ ಒಂದೇ ಸಾಲು. ನಿಖರತೆಯ ಬಗ್ಗೆ ಐಕಾನ್‌ಗೆ ಬರುತ್ತಿದ್ದ ದೂರುಗಳು ಗಣನೀಯವಾಗಿ ಇಳಿದವು, ಕಾಣದ್ದರ ಬಗ್ಗೆ ಯಾರು ದೂರು ಕೊಟ್ಟಾರು? ಆವರೆಗೆ ನಿಯತವಾಗಿ ಮಾದರಿಗಳನ್ನು ತೆಗೆದು ನಿಖರತೆಯನ್ನು ಅಳೆಯುತ್ತಿದ್ದ ಐಕಾನ್‌ನ ಕಾರ್ಯಕ್ರಮವೂ ಆ ವರ್ಷವೇ ನಿಂತಿತು. ನಿಖರತೆಯ ವ್ಯಾಖ್ಯೆಯನ್ನೂ ಅಳತೆಯನ್ನೂ ನಿರ್ಧರಿಸಲೆಂದು 2021ರಲ್ಲಿ ಕೂಡಿದ ತಂಡ, ಅಳೆಯಬೇಕಾದ ದಾಖಲೆಗಳನ್ನು ನೋಡುವ ಹಕ್ಕು ಐಕಾನ್‌ಗೇ ಇದೆಯೇ ಎಂಬ ಪ್ರಶ್ನೆಯ ಬಳಿ ಬಂದು ಮರುವರ್ಷ ಕೆಲಸ ನಿಲ್ಲಿಸಿತು.

ಯುರೋಪ್ ಈಗ ಇನ್ನೊಂದು ದಿಕ್ಕಿನಿಂದ ಬರುತ್ತಿದೆ. 2022ರ ಸೈಬರ್ ಭದ್ರತಾ ನಿರ್ದೇಶನದ 28ನೆಯ ವಿಧಿ, ನೋಂದಣಿ ದಾಖಲೆಗಳು ನಿಖರವೂ ಪೂರ್ಣವೂ ಆಗಿರುವಂತೆ ನೋಡಿಕೊಳ್ಳುವ ಹೊಣೆಯನ್ನು ರಿಜಿಸ್ಟ್ರಿ ಮತ್ತು ರಿಜಿಸ್ಟ್ರಾರ್‌ಗಳ ಮೇಲೆ ಹೊರಿಸಿ, ಪರಿಶೀಲನೆಯ ಕ್ರಮಗಳನ್ನು ಬಹಿರಂಗಪಡಿಸಬೇಕೆಂದು ಹೇಳುತ್ತದೆ. ದಾಖಲೆಯನ್ನು ಮುಚ್ಚಿಡಿ ಎಂದದ್ದೂ ಯುರೋಪೇ, ಮುಚ್ಚಿಟ್ಟದ್ದು ಸರಿಯಾಗಿರಲಿ ಎನ್ನುತ್ತಿರುವುದೂ ಯುರೋಪೇ. ಇದನ್ನು ಕೆಲವರು ವಿರೋಧಾಭಾಸವೆಂದು ನಗುತ್ತಾರೆ, ನನಗೆ ಹಾಗೆ ಕಾಣುವುದಿಲ್ಲ. ಊರಿಗೆಲ್ಲ ತೋರಿಸುವ ಭಯವಿಲ್ಲದಿದ್ದಾಗ ಸತ್ಯ ಬರೆಯುವಂತೆ ಕೇಳುವುದೇ ನ್ಯಾಯವಾದ ಕ್ರಮ. ಉಳಿಯುವ ತೊಡಕು, ಬರೆದದ್ದು ಸತ್ಯವೇ ಎಂದು ಹೊರಗಿನಿಂದ ನೋಡುವವರು ಈಗ ಯಾರೂ ಇಲ್ಲ ಎಂಬುದು.

ಹಾಗಾಗಿ ನಾನು ಕೇಳುವುದು ತೀರಾ ಸಣ್ಣದನ್ನು. 2003ರಿಂದ ವರ್ಷಕ್ಕೊಮ್ಮೆ ಹೋಗುವ ಆ ನೆನಪೋಲೆಯ ವಿಷಯ ಹೇಳಿದೆನಲ್ಲ, ಅದು ಹೋಗುವುದು ದಾಖಲೆಯಲ್ಲಿರುವ ಮಿಂಚಂಚೆಗೇ. ನಿಮ್ಮ ವಿಳಾಸ ತಪ್ಪಾಗಿದ್ದರೆ ತಿಳಿಸಿ ಎಂಬ ಪತ್ರವನ್ನು ತಪ್ಪು ವಿಳಾಸಕ್ಕೆ ಕಳಿಸುವ ಈ ಪದ್ಧತಿಯನ್ನು ನಾನೂ ಬಹುಕಾಲ ಹಾಸ್ಯ ಮಾಡಿದ್ದೇನೆ. ಆದರೆ 2013ರ ಒಪ್ಪಂದವನ್ನು ಗಮನವಿಟ್ಟು ಓದಿದರೆ ಅದರಲ್ಲೊಂದು ವಾಕ್ಯವಿದೆ: ಆ ನೆನಪೋಲೆ ತಲುಪದೆ ಹಿಂದಿರುಗಿದರೆ, ಹಾಗೆ ಹಿಂದಿರುಗಿದ್ದನ್ನೇ ಮಾಹಿತಿ ತಪ್ಪಾಗಿದೆ ಎಂಬುದರ ಸೂಚನೆಯಾಗಿ ತೆಗೆದುಕೊಂಡು ರಿಜಿಸ್ಟ್ರಾರ್ ಮರುಪರೀಕ್ಷೆ ನಡೆಸಬೇಕು. ಇದಕ್ಕೆ ಗುರುತಿನ ಪತ್ರ ಬೇಕಿಲ್ಲ, ಯಾರ ಮನೆಯ ವಿಳಾಸವನ್ನೂ ಬೀದಿಯಲ್ಲಿ ತೆರೆದಿಡಬೇಕಿಲ್ಲ. ಹಿಂದಿರುಗಿದ ಪತ್ರಗಳು ಎಷ್ಟು, ಅವುಗಳಲ್ಲಿ ಎಷ್ಟನ್ನು ತೆರೆದು ನೋಡಿದ್ದೇವೆ, ಎಷ್ಟು ವಿಳಾಸಗಳು ಮತ್ತೆ ಜೀವಂತವಾದವು ಎಂಬ ಮೂರು ಸಂಖ್ಯೆಗಳನ್ನು ಪ್ರತಿ ರಿಜಿಸ್ಟ್ರಾರ್ ವರ್ಷಕ್ಕೊಮ್ಮೆ ಪ್ರಕಟಿಸಿದರೆ ಸಾಕು. ಯಾರ ಹೆಸರನ್ನೂ ಬಯಲಿಗೆಳೆಯದ ಸಂಖ್ಯೆಗಳವು. ಸದ್ಯಕ್ಕೆ ಆ ಹಿಂದಿರುಗಿದ ಪತ್ರಗಳು ಯಾವ ಪೆಟ್ಟಿಗೆಯಲ್ಲಿ ಬೀಳುತ್ತವೆ, ಆ ಪೆಟ್ಟಿಗೆಯನ್ನು ತೆರೆಯುವವರು ಯಾರು ಎಂಬುದು ಆಯಾ ರಿಜಿಸ್ಟ್ರಾರ್‌ಗೆ ಬಿಟ್ಟ ವಿಷಯ.